ಹಳೇ ಕಾಂಪ್ಲೆಕ್ಸ್ ಮುಂಭಾಗಕ್ಕೆ ಎಸಿಪಿ (ಅಲ್ಯೂಮಿನಿಯಂ ಹೊದಿಕೆ ಶೀಟು), ಗಾಜು ಹಾಕಿಸುವ ಮುಂಚೆ ಏನೇನು ನೋಡಬೇಕು? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿ_ಕಾಂಪ್ಲೆಕ್ಸ್:

ಎಲ್ಲರಿಗೂ ನಮಸ್ಕಾರ. ಕೊಪ್ಪೀಕರ್ ರಸ್ತೆ ಹತ್ತಿರ ನಮ್ಮದೊಂದು ಕಾಂಪ್ಲೆಕ್ಸ್ ಇದೆ, ನೆಲಮಹಡಿ ಮತ್ತು ಮೇಲೆ ಎರಡು ಮಹಡಿ. 1988ರಲ್ಲಿ ಅಪ್ಪ ಕಟ್ಟಿಸಿದ್ದು. ಕೆಳಗೆ ಆರು ಅಂಗಡಿ, ಮೊದಲ ಮಹಡಿಯಲ್ಲಿ ಒಬ್ಬ ಟೈಲರ್ ಮತ್ತು ಎರಡು ಆಫೀಸು, ಮೇಲೆ ಟ್ಯೂಷನ್ ಕ್ಲಾಸು. ಪಿಲ್ಲರ್ ಬೀಮ್ ಹಾಕಿ ಕಟ್ಟಿದ್ದು, ನಡುವೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಮುಖ ಪಶ್ಚಿಮಕ್ಕಿದೆ.

ಈಗ ಅಕ್ಕಪಕ್ಕದವರೆಲ್ಲ ಮುಂಭಾಗ ಹೊಸದು ಮಾಡಿಸಿದ್ದಾರೆ. ನಮ್ಮದು ಮಾತ್ರ ಹತ್ತು ವರ್ಷದ ಹಿಂದೆ ಬಳಿದ ಬಣ್ಣದಲ್ಲೇ ನಿಂತಿದೆ, ಸಜ್ಜಾದ ಕೆಳಗೆಲ್ಲ ಕಪ್ಪು ಪಾಚಿ. ಮೊದಲ ಮಹಡಿಯ ಒಂದು ಆಫೀಸು ಎಂಟು ತಿಂಗಳಿಂದ ಖಾಲಿ. ನೋಡೋಕೆ ಬಂದವರು ಕೆಳಗಿನಿಂದಲೇ ಕಟ್ಟಡ ನೋಡಿ ವಾಪಸ್ ಹೋಗುತ್ತಾರೆ, ಮೇಲೆ ಹತ್ತುವುದೇ ಇಲ್ಲ.

ಒಬ್ಬ ಕಾಂಟ್ರಾಕ್ಟರ್ ಬಂದು ಅಳತೆ ತೆಗೆದುಕೊಂಡು ಹೋದರು. 60 ಅಡಿ ಅಗಲ, 38 ಅಡಿ ಎತ್ತರ, ಅಂದರೆ 2280 ಚದರಡಿ. ನಡುವೆ ನೀಲಿ ಗಾಜು, ಎರಡೂ ಕಡೆ ಎಸಿಪಿ, ಗೋಡೆಯಿಂದ ಒಂದು ಅಡಿ ಮುಂದಕ್ಕೆ ಫ್ರೇಮ್ ನಿಲ್ಲಿಸಿ ಪೂರ್ತಿ ಮುಚ್ಚಿಬಿಡೋಣ ಅಂದರು. ಹನ್ನೊಂದು ಲಕ್ಷ, 25 ದಿನದ ಕೆಲಸ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಕಳಿಸಿದ್ದಾರೆ, ನೋಡಿದರೆ ನಮ್ಮ ಕಟ್ಟಡ ಅಂತ ಗೊತ್ತೇ ಆಗಲ್ಲ. ಅಪ್ಪನಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಒಳಗೆ ಸೋರೋದು ನಿಲ್ಲತ್ತೇನು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಕ್ಷೆಗಾತಿ:

ನಿಮ್ಮ ತಂದೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಆರ್ಕಿಟೆಕ್ಟ್, ಇಂಥ ಹಳೇ ಕಟ್ಟಡಗಳ ಕೆಲಸವೇ ಜಾಸ್ತಿ ಮಾಡಿದ್ದೇನೆ. ಎಲ್ಲಿ ಸೋರುತ್ತಿದೆ? ಯಾವ ಮಹಡಿ, ಯಾವ ಮೂಲೆ? ಕೊಟೇಶನ್‌ನಲ್ಲಿ ಎಸಿಪಿ ಬಗ್ಗೆ ಏನು ಬರೆದಿದ್ದಾರೆ, ಅದನ್ನು ಹಾಗೇ ಇಲ್ಲಿ ಹಾಕಿ.

ಹುಬ್ಬಳ್ಳಿ_ಕಾಂಪ್ಲೆಕ್ಸ್:

ಮೇಡಂ, "ಎಸಿಪಿ 4 ಎಂಎಂ, ಬ್ರಾಂಡೆಡ್" ಅಂತಷ್ಟೇ ಇದೆ. ಯಾವ ಬ್ರಾಂಡು ಅಂತ ಇಲ್ಲ. ಫ್ರೇಮ್ "ಎಂಎಸ್ ಅಥವಾ ಅಲ್ಯೂಮಿನಿಯಂ" ಅಂತಿದೆ, ಎಂಎಸ್ ಅಂದರೆ ಕಬ್ಬಿಣ. ಸೋರುವುದು ಮೇಲಿನ ಮಹಡಿಯಲ್ಲಿ, ಮುಂದಿನ ಗೋಡೆಯ ಎಡ ಮೂಲೆ. ಮಳೆ ಜೋರಾದರೆ ಟ್ಯೂಷನ್ ಕ್ಲಾಸಿನವರು ಆ ಕಡೆಯ ಬೆಂಚು ಸರಿಸುತ್ತಾರೆ. ಮೊದಲ ಮಹಡಿಯಲ್ಲೂ ಅದೇ ಮೂಲೆ ತೇವ.

ಬಟ್ಟೆಅಂಗಡಿ_ದಾವಣಗೆರೆ:

ಎಸಿಪಿ ಹಾಕಿಸಿ ಬಿಡಿ ಸರ್, ಸುಮ್ನೆ ಯೋಚನೆ ಮಾಡಬೇಡಿ. ನಮ್ಮ ಓನರ್ ನಾಲ್ಕು ವರ್ಷದ ಹಿಂದೆ ಹಾಕಿಸಿದರು, ವ್ಯಾಪಾರ ಕಣ್ಣಿಗೆ ಕಾಣೋ ಹಾಗೆ ಹೆಚ್ಚಾಯಿತು. ಒಂದೇ ಮಾತು, ಕೆಲಸ ಗಣೇಶನ ಹಬ್ಬದಿಂದ ದೀಪಾವಳಿ ನಡುವೆ ಇಟ್ಟುಕೊಳ್ಳಬೇಡಿ. ನಮ್ಮ ಓನರ್ ಅದೇ ಸಮಯಕ್ಕೆ ಸಾರುವೆ ಕಟ್ಟಿಸಿ ಹಸಿರು ಬಲೆ ಇಳಿಬಿಟ್ಟರು. ದಸರಾ, ದೀಪಾವಳಿ ಎರಡೂ ಹೋಯಿತು. ಗಿರಾಕಿ ಅಂಗಡಿ ಮುಚ್ಚಿದೆ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಆ ಎರಡು ತಿಂಗಳ ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ ಅವರು.

ಕಡಲತೀರದ_ಫ್ಯಾಬ್ರಿಕೇಟರ್:

ಮಂಗಳೂರಿನವ ನಾನು. ಹದಿನಾರು ವರ್ಷದಿಂದ ಎಸಿಪಿ, ಗಾಜಿನ ಕೆಲಸ. ಹಾಕಿದ್ದೂ ಉಂಟು, ಬೇರೆಯವರು ಹಾಕಿದ್ದನ್ನು ಬಿಚ್ಚಿದ್ದೂ ಉಂಟು. ಬಿಚ್ಚಿದಾಗ ಕಲಿತದ್ದೇ ಜಾಸ್ತಿ.

ಹೋದ ವರ್ಷ ಒಂದು ಕಟ್ಟಡದಲ್ಲಿ ಒಂಬತ್ತು ವರ್ಷದ ಎಸಿಪಿ ಬಿಚ್ಚುವ ಕೆಲಸ ಬಂತು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇತ್ತು, ತೊಳೆದರೆ ಹೊಸದರ ಹಾಗೆ. ಕೆಳಗಿನ ಸಾಲಿನ ಒಂದು ಶೀಟು ಹಿಡಿದು ಎಳೆದೆ, ಸ್ಕ್ರೂಡ್ರೈವರ್ ಹಚ್ಚಲೇ ಇಲ್ಲ, ಫ್ರೇಮ್ ಸಮೇತ ಕೈಗೆ ಬಂತು. ಒಳಗಿದ್ದ ಕಬ್ಬಿಣದ ಚೌಕ ಪೈಪು ಕೆಳಗಿನ ಅರ್ಧ ಅಡಿ ಇರಲೇ ಇಲ್ಲ, ಒದ್ದೆ ಕಾಫಿ ಪುಡಿಯ ಹಾಗೆ ಉದುರಿತು. ಪೈಪಿನ ಬಾಯಿ ಮುಚ್ಚಿರಲಿಲ್ಲ, ನೀರು ಒಳಗೆ ಇಳಿದು ತಳದಲ್ಲಿ ನಿಂತಿದೆ. ಬರೀ ರೆಡ್ ಆಕ್ಸೈಡ್ ಬಳಿದಿದ್ದರು, ಅದೂ ಹೊರಗೆ ಮಾತ್ರ. ಅದರ ಕೆಳಗೇ ಬಸ್ ಕಾಯುವ ಜನ ನಿಲ್ಲುತ್ತಿದ್ದರು ಮಾರಾಯ್ರೆ.

ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಜೊತೆಗೆ ಉಪ್ಪುಗಾಳಿ. ಹುಬ್ಬಳ್ಳಿಯಲ್ಲಿ ಅಷ್ಟಿಲ್ಲ, ನಿಮ್ಮಲ್ಲಿ ಅದೇ ಫ್ರೇಮ್ ಇನ್ನಷ್ಟು ವರ್ಷ ಬಾಳಬಹುದು. ಆದರೂ "ಎಂಎಸ್ ಅಥವಾ ಅಲ್ಯೂಮಿನಿಯಂ" ಅಂತ ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಆ "ಅಥವಾ" ಅಂದರೆ ಅವರಿಗೆ ಯಾವುದು ಅಗ್ಗವೋ ಅದು ಅಂತ ಅರ್ಥ. ಅಲ್ಯೂಮಿನಿಯಂ ಅಂತಲೇ ಬರೆಸಿ, ಪೈಪಿನ ದಪ್ಪ ಬರೆಸಿ. ಬ್ರಾಕೆಟ್ ಕಬ್ಬಿಣದ್ದಾದರೆ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದು, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಅಲ್ಯೂಮಿನಿಯಂ ಮತ್ತು ಕಬ್ಬಿಣ ನೇರವಾಗಿ ತಾಗಬಾರದು, ನಡುವೆ ರಬ್ಬರ್ ಅಥವಾ ನೈಲಾನ್ ತುಂಡು ಬೇಕು. ತಾಗಿದ ಕಡೆ ನೀರು ಬಿದ್ದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್, ನಿಮ್ಮ ಊರಿಗೆ 304 ದರ್ಜೆಯದು ಸಾಕು, ನಮ್ಮಲ್ಲಿ 316 ಹಾಕುತ್ತೇವೆ.

ಇನ್ನೊಂದು. ಬ್ರಾಕೆಟ್ ಬೋಲ್ಟು ಬೀಮಿಗೆ, ಪಿಲ್ಲರಿಗೆ ಹೊಡೆಯಬೇಕು. ಇಟ್ಟಿಗೆಗೆ ಹೊಡೆದ ಆ್ಯಂಕರ್ ಫಾಸ್ಟ್ನರ್ ಇವತ್ತು ಗಟ್ಟಿ ಇರುತ್ತದೆ, ನಾಲ್ಕು ಮಳೆಗಾಲ ಗಾಳಿಗೆ ಅಲ್ಲಾಡಿ ತೂತು ದೊಡ್ಡದಾಗುತ್ತದೆ.

ಹುಬ್ಬಳ್ಳಿ_ಕಾಂಪ್ಲೆಕ್ಸ್:

ತುಂಬಾ ಥ್ಯಾಂಕ್ಸ್ ಅಣ್ಣಾ. ಇದನ್ನೆಲ್ಲ ಬರೆದಿಟ್ಟುಕೊಂಡೆ. ಅಪ್ಪ ಗ್ರಾನೈಟ್ ಹಾಕಿಸಿದರೆ ಹೇಗೆ ಅಂತ ಕೇಳುತ್ತಿದ್ದಾರೆ, ಒಮ್ಮೆ ಹಾಕಿದರೆ ಮುಗೀತಲ್ಲ ಅಂತ.

ನಕ್ಷೆಗಾತಿ:

ತೂಕದ ಲೆಕ್ಕ ಹಾಕಿ ನೋಡಿ. 20 ಎಂಎಂ ಗ್ರಾನೈಟ್ ಒಂದು ಚದರ ಮೀಟರಿಗೆ 54 ಕೆಜಿ ಹತ್ತಿರ ಬರುತ್ತದೆ, ಅಂದರೆ ಚದರಡಿಗೆ ಐದು ಕೆಜಿ. ನಿಮ್ಮ 2280 ಚದರಡಿಗೆ ಹನ್ನೊಂದು ಟನ್ ದಾಟುತ್ತದೆ. 6 ಎಂಎಂ ಗಾಜು ಚದರ ಮೀಟರಿಗೆ 15 ಕೆಜಿ, 4 ಎಂಎಂ ಎಸಿಪಿ ಐದೂವರೆ ಕೆಜಿ ಆಸುಪಾಸು. 1988ರಲ್ಲಿ ನಿಮ್ಮ ಬೀಮ್ ಲೆಕ್ಕ ಹಾಕಿದವರು ಈ ಹನ್ನೊಂದು ಟನ್ ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಎತ್ತರದಲ್ಲಿ ಕಲ್ಲನ್ನು ಬರೀ ಸಿಮೆಂಟಿನಿಂದ ಅಂಟಿಸುವುದಂತೂ ಬೇಡವೇ ಬೇಡ. ಬಿಸಿಲಿಗೆ ಹಿಗ್ಗಿ ಕುಗ್ಗಿ ಒಂದು ದಿನ ಬಿಡುತ್ತದೆ, ಕೆಳಗೆ ಫುಟ್‌ಪಾತು. ನೆಲಮಹಡಿಯ ಪಿಲ್ಲರುಗಳಿಗೆ ಆಳೆತ್ತರ ಮಾತ್ರ ಗ್ರಾನೈಟ್ ಹಾಕಿಸಿ, ಗಾಡಿ ತಾಗುವ, ಕೈ ತಾಗಿ ಕೊಳೆಯಾಗುವ ಜಾಗ ಅದು, ಅಲ್ಲಿ ಅದಕ್ಕೆ ಬೆಲೆ ಇದೆ.

ಗೌಂಡಿ_ಮಗ:

ಸರ್ರ, ಎಸಿಪಿ ಗ್ರಾನೈಟ್ ಎಲ್ಲ ಆಮೇಲೆ. ಮೊದಲು ಗೋಡೆ ಬಡಿದು ನೋಡ್ರಿ. ನಮ್ಮಪ್ಪ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದ್ದಾರೆ, ಯಾವ ಹಳೇ ಮನೆಗೆ ಹೋದರೂ ಸಣ್ಣ ಸುತ್ತಿಗೆ ಹಿಡಿದು ಗೋಡೆ ತುಂಬಾ ಟಕ್ ಟಕ್ ಅಂತ ಬಡಿಯುತ್ತಾ ಹೋಗುತ್ತಿದ್ದರು. ಗಟ್ಟಿ ಇದ್ದ ಕಡೆ ಸಣ್ಣ ಸದ್ದು, ಪ್ಲಾಸ್ಟರ್ ಬಿಟ್ಟಿದ್ದ ಕಡೆ ಡಬ್ ಡಬ್. ಡಬ್ ಅಂದ ಕಡೆ ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಿದ್ದರು. ನೀವೂ ಒಂದು ದಿನ ಏಣಿ ಹಾಕಿಸಿ ಇದನ್ನ ಮಾಡ್ರಿ. ಸಜ್ಜಾದ ಕೆಳಗೆ ಮುಖ್ಯವಾಗಿ ನೋಡ್ರಿ, ಕಬ್ಬಿಣ ಹೊರಗೆ ಕಾಣುತ್ತಿದೆಯೇನು ಅಂತ. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆದು ಕೆಳಗೆ ನೂಕುತ್ತದೆ. ಅದರ ಮೇಲೆ ಎಸಿಪಿ ಮುಚ್ಚಿದರೆ ಹುಣ್ಣಿನ ಮೇಲೆ ಪಟ್ಟಿ ಕಟ್ಟಿದ ಹಾಗೆ, ಒಳಗೆ ಏನಾಗುತ್ತಿದೆ ಅಂತ ಯಾರಿಗೂ ಕಾಣಲ್ಲ.

ದುಬೈ_ಕನ್ನಡಿಗ:

ಎಸಿಪಿ ಒಳಗಿನ ಕೋರ್ ಬಗ್ಗೆ ಯಾರೂ ಕೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ದುಬೈನಲ್ಲಿ ಫಸಾಡ್, ಅಂದರೆ ಕಟ್ಟಡದ ಹೊರಮೈ ಮಾಡುವ ಕಂಪನಿಯಲ್ಲಿ ಇಂಜಿನಿಯರ್, ಊರು ಧಾರವಾಡ.

ಎಸಿಪಿ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆ, ಒಂದೊಂದು ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಮಧ್ಯ ತುಂಬಿರುವುದೇ ಕೋರ್. ಅಗ್ಗದ ಶೀಟಿನಲ್ಲಿ ಅದು ಪಾಲಿಎಥಿಲೀನ್, ಅಂದರೆ ಪ್ಲಾಸ್ಟಿಕ್. ಬೆಂಕಿ ತಾಗಿದರೆ ಕರಗಿ, ಉರಿಯುತ್ತಾ ತೊಟ್ಟಿಕ್ಕುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು 72 ಜನ ಸತ್ತರು. ನಾಲ್ಕನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಹೊರಗಿನ ಹೊದಿಕೆಗೆ ತಾಗಿ ಮೇಲಕ್ಕೆ ಓಡಿತು. ಆ ಹೊದಿಕೆ ಹಾಕಿದ್ದು ಹಳೇ ಕಟ್ಟಡಕ್ಕೆ, ನವೀಕರಣ ಅಂತ. ನಮ್ಮ ದುಬೈನಲ್ಲಿ 2015ರ ಡಿಸೆಂಬರ್ 31ರ ರಾತ್ರಿ ಅಡ್ರೆಸ್ ಹೋಟೆಲ್ ಉರಿದದ್ದನ್ನು ಇಡೀ ಜಗತ್ತು ಟಿವಿಯಲ್ಲಿ ನೋಡಿತು. ಟಾರ್ಚ್ ಟವರ್ ಅಂತ ಇದೆ, 2015ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಹೊತ್ತಿತು. ಆಮೇಲೆ ಇಲ್ಲಿ ನಿಯಮ ಬಹಳ ಬಿಗಿಯಾಯಿತು. ಈಗ ಕಾಗದಪತ್ರ ಇಲ್ಲದೆ ಒಂದು ಶೀಟು ಸೈಟಿಗೆ ಬರಲ್ಲ.

ನಿಮ್ಮದು ಮೂರೇ ಅಂತಸ್ತು, ಲಂಡನ್ನಿಗೆ ಹೋಲಿಸುತ್ತಿಲ್ಲ. ಆದರೆ ಒಂದು ಅಡಿ ಗ್ಯಾಪ್ ಬಿಟ್ಟು ಪೂರ್ತಿ ಮುಚ್ಚುತ್ತೇವೆ ಅಂದಿದ್ದಾರಲ್ಲ, ಆ ಗ್ಯಾಪು ಒಲೆಯ ಚಿಮಣಿಯ ಹಾಗೆ ಕೆಲಸ ಮಾಡುತ್ತದೆ. ಕೆಳಗಿನ ಅಂಗಡಿಯ ಬೋರ್ಡಿನಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ ಬೆಂಕಿ ಮೇಲಿನ ಟ್ಯೂಷನ್ ಕ್ಲಾಸಿನ ಕಿಟಕಿಗೆ ನೇರ ಹೋಗಲು ದಾರಿ ಮಾಡಿಕೊಟ್ಟ ಹಾಗೆ. ಮುಚ್ಚಲೇಬೇಕು ಅಂದರೆ ಪ್ರತಿ ಮಹಡಿಯ ಮಟ್ಟದಲ್ಲಿ ಆ ಗ್ಯಾಪನ್ನು ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಮತ್ತು ಜಿಐ ಶೀಟಿನಿಂದ (ಸತು ಲೇಪಿಸಿದ ಕಬ್ಬಿಣದ ಹಾಳೆ) ತಡೆಯಬೇಕು. ಕೋರ್ ಸುಲಭವಾಗಿ ಉರಿಯದ ಎ2 ದರ್ಜೆಯದು ಕೇಳಿ, ಅದರಲ್ಲಿ ಖನಿಜದ ಪುಡಿಯೇ ಹೆಚ್ಚು. ಬರೀ "ಎಫ್‌ಆರ್" (ಬೆಂಕಿ ನಿಧಾನಿಸುವಂಥದ್ದು) ಅಂದರೆ ನಂಬಬೇಡಿ, ಟೆಸ್ಟ್ ಸರ್ಟಿಫಿಕೇಟು ಕೇಳಿ, ಅದರಲ್ಲಿರುವ ಬ್ಯಾಚ್ ಮತ್ತು ಶೀಟಿನ ಹಿಂದೆ ಅಚ್ಚಾಗಿರುವುದು ಹೊಂದುತ್ತದೆಯಾ ನೋಡಿ.

ಕಡಲತೀರದ_ಫ್ಯಾಬ್ರಿಕೇಟರ್:

ಸರಿಯಾಗಿ ಹೇಳಿದಿರಿ. ನಾವು ಸೈಟಿನಲ್ಲಿ ಕತ್ತರಿಸಿ ಉಳಿದ ತುಂಡಿಗೆ ಲೈಟರ್ ಹಿಡಿದು ನೋಡುತ್ತೇವೆ. ಅಗ್ಗದ್ದಾದರೆ ಮೇಣದ ಹಾಗೆ ಕರಗಿ ಬೀಳುತ್ತದೆ. ಇದು ಲ್ಯಾಬ್ ಟೆಸ್ಟ್ ಅಲ್ಲ, ಆದರೆ ಮೋಸ ಮಾಡಿದ್ದಾರಾ ಅಂತ ಒಂದು ಮಟ್ಟಿಗೆ ಗೊತ್ತಾಗುತ್ತದೆ. ಮತ್ತೆ ಹೊರಗಿನ ಕೋಟಿಂಗ್ ಪಿವಿಡಿಎಫ್ (ಬಿಸಿಲು ತಾಳುವ ಒಂದು ಲೇಪ) ಇರಬೇಕು. ಪಾಲಿಯೆಸ್ಟರ್ ಕೋಟಿಂಗಿನದ್ದು ಒಳಾಂಗಣಕ್ಕೆ, ಹೊರಗೆ ಹಾಕಿದರೆ ಬಿಸಿಲಿಗೆ ಬೇಗ ಮಂಕಾಗುತ್ತದೆ, ಅದರಲ್ಲೂ ಕೆಂಪು.

ಸುರಕ್ಷತೆ_ಬೆಂಗಳೂರು:

ಒಂದು ಪ್ರಶ್ನೆ. ನಿಮ್ಮ ಕಾಂಪ್ಲೆಕ್ಸಿನ ಮೆಟ್ಟಿಲು ಎಲ್ಲಿದೆ? ಮುಂಭಾಗದಲ್ಲಾ, ಹಿಂದಾ? ಅದಕ್ಕೆ ಗಾಳಿ ಎಲ್ಲಿಂದ ಬರುತ್ತದೆ?

ಹುಬ್ಬಳ್ಳಿ_ಕಾಂಪ್ಲೆಕ್ಸ್:

ಮೆಟ್ಟಿಲು ಮುಂಭಾಗದಲ್ಲೇ, ಬಲಗಡೆ. ಒಂದೇ ಮೆಟ್ಟಿಲು. ಹಳೇ ಕಾಲದ ಸಿಮೆಂಟ್ ಜಾಲಿ ಇದೆ, ಕೆಳಗಿನಿಂದ ಮೇಲಿನವರೆಗೆ, ನಾಲ್ಕು ಅಡಿ ಅಗಲ. ಚಿತ್ರದಲ್ಲಿ ಅಲ್ಲಿ ಬೂದು ಬಣ್ಣದ ಎಸಿಪಿ ಇದೆ, ಮೇಲೆ ಕಾಂಪ್ಲೆಕ್ಸಿನ ಹೆಸರು.

ಸುರಕ್ಷತೆ_ಬೆಂಗಳೂರು:

ಆ ಜಾಲಿ ಮುಚ್ಚಬೇಡಿ. ದಯವಿಟ್ಟು ಮುಚ್ಚಬೇಡಿ.

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿದೆಯಾ? 2010ರ ಫೆಬ್ರವರಿ 23. ಏಳು ಮಹಡಿಯ ಆಫೀಸು ಕಟ್ಟಡ. ಬೆಂಕಿ ದೊಡ್ಡದಿರಲಿಲ್ಲ, ವೈರುಗಳ ಡಕ್ಟಿನಲ್ಲಿ ಹತ್ತಿದ್ದು. ಆದರೆ ಹೊಗೆ ಮೆಟ್ಟಿಲು, ಮಹಡಿ ಎಲ್ಲ ತುಂಬಿತು, ಹೊರಗೆ ಹೋಗಲು ಅದಕ್ಕೆ ದಾರಿ ಇರಲಿಲ್ಲ. ಜನ ಗಾಜು ಒಡೆದು ಉಸಿರಿಗೆ ಮುಖ ಚಾಚಿದರು, ಕೆಲವರು ಕೆಳಗೆ ಹಾರಿದರು. ಒಂಬತ್ತು ಜನ ಸತ್ತರು. ತೀರಿಕೊಂಡವರ ಮನೆಯವರು, ಬದುಕಿ ಉಳಿದವರು ಸೇರಿ ಬಿಯಾಂಡ್ ಕಾರ್ಲ್‌ಟನ್ ಅಂತ ಸಂಸ್ಥೆ ಕಟ್ಟಿ ಇವತ್ತಿಗೂ ಅಗ್ನಿ ಸುರಕ್ಷತೆ ಬಗ್ಗೆ ಕೆಲಸ ಮಾಡುತ್ತಿದ್ದಾರೆ.

ನಿಮ್ಮಂಥ ಸಣ್ಣ ಕಟ್ಟಡದಲ್ಲಿ ಹೊಗೆ ಎಳೆಯುವ ಫ್ಯಾನು, ಯಂತ್ರ ಏನೂ ಇರಲ್ಲ. ಆ ಜಾಲಿಯೇ ಹೊಗೆಗೆ ದಾರಿ. ಮೇಲೆ ಟ್ಯೂಷನ್ ಕ್ಲಾಸು ಅಂದಿರಿ. ಸಂಜೆ ಎಷ್ಟು ಮಕ್ಕಳಿರುತ್ತಾರೆ?

ಹುಬ್ಬಳ್ಳಿ_ಕಾಂಪ್ಲೆಕ್ಸ್:

ಸಂಜೆ ಐದರಿಂದ ಎಂಟರ ತನಕ ಎಪ್ಪತ್ತು ಎಂಬತ್ತು ಮಕ್ಕಳು ಇರುತ್ತಾರೆ. ಎಲ್ಲರೂ ಅದೇ ಮೆಟ್ಟಿಲಲ್ಲಿ ಹತ್ತಿ ಇಳಿಯುವುದು.

ನಿಮ್ಮ ಮಾತು ಓದಿದ ಮೇಲೆ ಇವತ್ತು ಸಂಜೆ ಹೋಗಿ ಆ ಮೆಟ್ಟಿಲಲ್ಲಿ ನಿಂತೆ. ಚಿಕ್ಕವನಿದ್ದಾಗಿಂದ ನೋಡಿದ ಜಾಲಿ, ಇಷ್ಟು ದಿನ ಅದು ಯಾಕಿದೆ ಅಂತ ಯೋಚಿಸಿರಲಿಲ್ಲ. ಕರೆಂಟು ಹೋದಾಗಲೂ ಮೆಟ್ಟಿಲ ಮೇಲೆ ಬೆಳಕಿರುತ್ತದೆ, ಗಾಳಿ ಬರುತ್ತದೆ. ಕಾಂಟ್ರಾಕ್ಟರಿಗೆ ಫೋನ್ ಮಾಡಿ ಕೇಳಿದೆ. "ಜಾಲಿ ಔಟ್‌ಡೇಟೆಡ್ ಸರ್, ಒಳಗೆ ಎಲ್ಇಡಿ ಲೈಟ್ ಹಾಕೋಣ" ಅಂದರು. ಅಲ್ಲಿಗೆ ಆ ಚಿತ್ರ ನನ್ನ ಮನಸ್ಸಿನಿಂದ ಹೋಯಿತು.

ಬಟ್ಟೆಅಂಗಡಿ_ದಾವಣಗೆರೆ:

ನಾನು ಮೊದಲು ಸುಮ್ನೆ ಹಾಕಿಸಿಬಿಡಿ ಅಂದಿದ್ದೆ. ಈಗ ನಮ್ಮ ಕಟ್ಟಡದಲ್ಲೂ ಮೆಟ್ಟಿಲ ಕಡೆ ಏನಿದೆ ಅಂತ ನೋಡಿಕೊಂಡು ಬಂದೆ. ಪೂರ್ತಿ ಮುಚ್ಚಿದ್ದಾರೆ. ಓನರ್ ಜೊತೆ ಮಾತಾಡುತ್ತೇನೆ.

ಮಾರ್ಕೆಟಿಂಗ್_ಮಾತು:

ಎಲ್ಲಾ ಸರಿ, ಆದರೆ ಬಾಡಿಗೆದಾರ ಬರೋದು ಲುಕ್ ನೋಡಿಯೇ. ಇವತ್ತು ಒಳ್ಳೇ ಕಂಪನಿಯವರು ಗಾಜಿನ ಮುಂಭಾಗ ಇಲ್ಲದಿದ್ದರೆ ಬರಲ್ಲ. ಜಾಲಿ ಬಿಟ್ಟು ಉಳಿದ ಕಡೆ ಗಾಜು ಹಾಕಿಸಿ.

ನಕ್ಷೆಗಾತಿ:

ಇದನ್ನು ನಾನು ಒಪ್ಪಲ್ಲ. ಮುಂಭಾಗ ಪಶ್ಚಿಮಕ್ಕಿದೆ ಅಂದಿದ್ದಾರೆ. ಮಾರ್ಚಿನಿಂದ ಮೇ ತನಕ ಮಧ್ಯಾಹ್ನ ಎರಡರಿಂದ ಆರರವರೆಗೆ ಬಿಸಿಲು ನೇರ ಆ ಗಾಜಿನ ಮೇಲೆ. ಸಂಜೆಯ ಸೂರ್ಯ ಕೆಳಗಿರುತ್ತಾನೆ, ಅಡ್ಡ ಸಜ್ಜಾ ಅವನನ್ನು ತಡೆಯಲ್ಲ. ಈಗ ಅಲ್ಲಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಇದೆ, ಕಿಟಕಿ ತೆರೆದರೆ ಗಾಳಿ ಇದೆ. ಅದರ ಮುಂದೆ ಗಾಜು ನಿಲ್ಲಿಸಿ ಕಿಟಕಿ ಮುಚ್ಚಿದರೆ ಒಳಗಿನವರು ಎಸಿ ಇಲ್ಲದೆ ಕೂರೋಕಾಗಲ್ಲ. ಆ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ? ಟೈಲರ್ ಕಟ್ಟುತ್ತಾನಾ?

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2017ರಲ್ಲಿ ಹೊಸ ವಾಣಿಜ್ಯ ಕಟ್ಟಡಕ್ಕೆ ಗೋಡೆಯ ಶೇ 40ಕ್ಕಿಂತ ಜಾಸ್ತಿ ಗಾಜು ಬೇಡ ಅಂತ ಇಟ್ಟಿದ್ದಾರೆ. ಅದು 100 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಲೋಡಿನ ಕಟ್ಟಡಗಳಿಗೆ, ಇವರ ಕಾಂಪ್ಲೆಕ್ಸಿಗೆ ಅನ್ವಯಿಸಲ್ಲ. ಆದರೂ ಆ 40 ಸುಮ್ನೆ ಬರೆದ ಅಂಕಿ ಅಲ್ಲ, ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಅಂದ ಬೇಕು ಅನ್ನುವುದು ನ್ಯಾಯವೇ, ಎಂಟು ತಿಂಗಳು ಆಫೀಸು ಖಾಲಿ ಬಿದ್ದಿರುವ ಕಷ್ಟ ಸಣ್ಣದಲ್ಲ. ಅದಕ್ಕೆ ದಾರಿ ಇದೆ. ಕಿಟಕಿಗಳ ಮುಂದೆ ನಿಲುವಾಗಿ ಲೂವರ್, ಅಂದರೆ ಉದ್ದುದ್ದ ಪಟ್ಟಿ, ವಾಯವ್ಯದ ಬಿಸಿಲು ತಡೆಯುವ ಹಾಗೆ ಓರೆಯಾಗಿ ನಿಲ್ಲಿಸಿದರೆ ಬಿಸಿಲು ನಿಲ್ಲುತ್ತದೆ, ಗಾಳಿ ಬರುತ್ತದೆ, ಕೆಳಗಿನಿಂದ ನೋಡಿದರೆ ಕಟ್ಟಡಕ್ಕೆ ಒಂದು ಹೊಸ ರೂಪ ಬರುತ್ತದೆ. ಅಲ್ಯೂಮಿನಿಯಂ ಅಥವಾ ಟೆರಾಕೋಟಾ. ವಾಯವ್ಯ ಯಾಕೆ ಅಂದರೆ, ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಡುಮಧ್ಯಾಹ್ನದ ಸೂರ್ಯ ತಲೆಯಿಂದ ಉತ್ತರಕ್ಕೆ ವಾಲಿರುತ್ತಾನೆ, ಮುಳುಗುವುದೂ ಪಶ್ಚಿಮದಿಂದ ಉತ್ತರಕ್ಕೆ ಸರಿದು. ಇದನ್ನು ನೋಡದೆ ಲೂವರ್ ದಕ್ಷಿಣದ ಬಿಸಿಲಿಗೆ ತಿರುಗಿಸಿ ಹಾಕಿದವರನ್ನು ನೋಡಿದ್ದೇನೆ, ಬೇಸಿಗೆಯಲ್ಲಿ ಏನೂ ಪ್ರಯೋಜನ ಆಗಲ್ಲ.

ಎಸಿ ಔಟ್‌ಡೋರ್ ಯೂನಿಟ್‌ಗಳನ್ನೂ ಈಗಲೇ ಲೆಕ್ಕ ಹಾಕಿ. ಹೊದಿಕೆಯ ಹಿಂದೆ ಸಿಕ್ಕಿಸಿದರೆ ಅದು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ಗೌಂಡಿ_ಮಗ:

ಗೋಡೆ ಬಡಿದಿರೇನು ಸರ್ರ?

ಹುಬ್ಬಳ್ಳಿ_ಕಾಂಪ್ಲೆಕ್ಸ್:

ಹತ್ತು ದಿನ ಆಯಿತು, ಉತ್ತರ ಬರೆಯೋಕೆ ತಡವಾಯಿತು, ಕ್ಷಮಿಸಿ. ಬಹಳ ಇದೆ ಹೇಳಲು.

ಹೋದ ಭಾನುವಾರ ಅಂಗಡಿಗಳು ಬಂದ್ ಇದ್ದಾಗ ಒಬ್ಬ ಅನುಭವಿ ಗೌಂಡಿಯನ್ನು ಕರೆಸಿ, ಬಿದಿರಿನ ಸಾರುವೆ ಕಟ್ಟಿಸಿ, ನಾನೂ ಜೊತೆಗೆ ಹತ್ತಿದೆ. ಮೊದಲು ಹಳೇ ಫ್ಲೆಕ್ಸ್ ಬೋರ್ಡುಗಳನ್ನು ಬಿಚ್ಚಿಸಿದೆವು, ಒಟ್ಟು ಹನ್ನೊಂದು ಇದ್ದವು. ಅದರಲ್ಲಿ ನಾಲ್ಕು ಅಂಗಡಿಗಳು ಈಗ ಇಲ್ಲವೇ ಇಲ್ಲ. ಒಂದೊಂದು ಬೋರ್ಡಿಗೂ ಒಂದೊಂದು ವೈರು, ಕೆಲವು ಕಡೆ ಟೇಪು ಸುತ್ತಿದ್ದೂ ಬಿಚ್ಚಿ ತಾಮ್ರ ಹೊರಗೆ. ಇಲ್ಲದ ಅಂಗಡಿಯ ಬೋರ್ಡಿನ ವೈರಿನಲ್ಲೂ ಕರೆಂಟು ಹರಿಯುತ್ತಿತ್ತು. ಟೆಸ್ಟರ್ ಇಟ್ಟಾಗ ಬೆಳಗಿತು. ದುಬೈ ಅಣ್ಣಾ ಹೇಳಿದ ಶಾರ್ಟ್ ಸರ್ಕ್ಯೂಟಿನ ಮಾತು ಆಗ ಮೈ ನಡುಗಿಸಿತು.

ಎಡ ಮೂಲೆಯ ದೊಡ್ಡ ಬೋರ್ಡು ತೆಗೆದಾಗ ಸೋರುವುದಕ್ಕೆ ಕಾರಣ ಸಿಕ್ಕಿತು. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಅರಳಿ ಗಿಡ. ಮೇಲಿನಿಂದ ನೋಡಿದರೆ ಗೇಣುದ್ದ ಇತ್ತು, ಪ್ರತಿ ವರ್ಷ ಯಾರಾದರೂ ಮುರಿದು ಹಾಕುತ್ತಿದ್ದರು. ಬೇರು ಮಾತ್ರ ನನ್ನ ಮಣಿಕಟ್ಟಿನಷ್ಟು ದಪ್ಪ. ಅದು ಮಳೆ ನೀರಿನ ಪೈಪಿನ ಜಾಯಿಂಟ್ ಒಳಗೆ ಹೊಕ್ಕು, ಪೈಪಿನ ಒಳಗೇ ಕೆಳಗೆ ಇಳಿದಿತ್ತು. ಅದರ ಮೇಲೆ ಪಾರಿವಾಳದ ಗೂಡು, ಕಡ್ಡಿ, ಪ್ಲಾಸ್ಟಿಕ್ ಹಾಳೆ. ಟೆರೇಸಿನ ಅರ್ಧ ನೀರು ಆ ಪೈಪಿಗೆ ಬರಬೇಕು. ಪೈಪು ಕಟ್ಟಿ ಗೋಡೆಯೊಳಗೆ ಇಳಿಯುತ್ತಿತ್ತು. ಗೌಂಡಿ ಬೇರಿನ ತುಂಡು ಎಳೆದು ಹೊರಗೆ ತೆಗೆದರು, ನನ್ನಷ್ಟೇ ಉದ್ದ ಬಂತು, ತುದಿಯಲ್ಲಿ ಕೂದಲಿನ ಹಾಗೆ ನೂರಾರು ಸಣ್ಣ ಬೇರು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಆಮೇಲೆ ಸುತ್ತಿಗೆಯಿಂದ ಬಡಿದೆವು. ಆ ಮೂಲೆಯಲ್ಲಿ ಸುಮಾರು 300 ಚದರಡಿ ಡಬ್ ಡಬ್. ಉಳಿದ ಗೋಡೆ ಗಟ್ಟಿ ಇದೆ. ಎರಡು ಸಜ್ಜಾ ಕೆಳಗೆ ಕಬ್ಬಿಣ ಬಿಟ್ಟುಕೊಂಡಿದೆ, ಒಂದು ತುಂಡು ಕೈಯಲ್ಲಿ ಬಂತು, ತೆಂಗಿನಕಾಯಿ ಹೋಳಿನಷ್ಟಿತ್ತು, ಒಂದು ಕಡೆ ಪೂರ್ತಿ ಕೆಂಪು. ಅದರ ನೇರ ಕೆಳಗೆ ಒಬ್ಬ ಅಜ್ಜಿ ಹೂವು ಮಾರುತ್ತಾರೆ. ಅವತ್ತೇ ಅವರ ಬುಟ್ಟಿಯನ್ನು ಪಕ್ಕದ ಪಿಲ್ಲರ್ ಹತ್ತಿರ ಇಡಿಸಿದೆ.

ಕಾಂಟ್ರಾಕ್ಟರು ಅಳತೆ ತೆಗೆದುಕೊಂಡು ಹೋದಾಗ ಇದ್ಯಾವುದನ್ನೂ ನೋಡಿರಲಿಲ್ಲ. ನೆಲದ ಮೇಲೆ ನಿಂತು ಟೇಪು ಹಿಡಿದಿದ್ದರು, ಅಷ್ಟೇ. ಒಂದೇ ತಿಂಗಳಲ್ಲಿ ಇದೆಲ್ಲದರ ಮೇಲೆ ಗಾಜು ಬಂದುಬಿಡುತ್ತಿತ್ತು, ಅಲ್ವಾ?

ಗೌಂಡಿ_ಮಗ:

ಅರಳಿ ಬೇರು ಮೇಲಿನದು ತೆಗೆದರೆ ಸಾಲದು ರೀ, ಮತ್ತೆ ಬರುತ್ತದೆ. ಗೋಡೆಯೊಳಗೆ ಹೋದ ಬೇರಿನ ಸುತ್ತ ಇಟ್ಟಿಗೆ ಬಿಚ್ಚಿ, ಪೂರ್ತಿ ತೆಗೆದು, ಹೊಸದಾಗಿ ಕಟ್ಟಿಸಬೇಕು. ಸಜ್ಜಾಕ್ಕೆ ಸಡಿಲ ಕಾಂಕ್ರೀಟ್ ಎಲ್ಲ ಒಡೆದು ಹಾಕಿ, ಕಬ್ಬಿಣವನ್ನು ವೈರ್ ಬ್ರಶ್‌ನಿಂದ ಹೊಳೆಯುವ ತನಕ ತಿಕ್ಕಿ, ತುಕ್ಕು ನಿರೋಧಕ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿಸ್ರಿ. ಬರೀ ಸಿಮೆಂಟ್ ಮೆತ್ತಿದರೆ ವರ್ಷದೊಳಗೆ ಉದುರುತ್ತದೆ. ಕಬ್ಬಿಣ ಅರ್ಧ ತಿಂದು ಹೋಗಿದ್ದರೆ ಹೊಸ ಸರಳು ಸೇರಿಸಬೇಕು, ಅದನ್ನ ಇಂಜಿನಿಯರ್ ನೋಡಿ ಹೇಳಲಿ.

ನಕ್ಷೆಗಾತಿ:

ಬೀಮು ಪಿಲ್ಲರುಗಳನ್ನೂ ಒಮ್ಮೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡಲಿ. ನಿಮ್ಮ ಊರಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಸಿವಿಲ್ ವಿಭಾಗದಲ್ಲಿ ರಿಬೌಂಡ್ ಹ್ಯಾಮರ್ ಟೆಸ್ಟ್, ಅಂದರೆ ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡುವ ಪರೀಕ್ಷೆ ಮಾಡುವವರು ಸಿಗುತ್ತಾರಾ ವಿಚಾರಿಸಿ.

ಕೆಲಸದ ಕ್ರಮ ಮೇಲಿನಿಂದ ಕೆಳಕ್ಕೆ. ಟೆರೇಸು, ಪ್ಯಾರಾಪೆಟ್, ಪೈಪು, ಆಮೇಲೆ ಸಜ್ಜಾ, ಆಮೇಲೆ ಬಿಟ್ಟ ಪ್ಲಾಸ್ಟರ್. ಹೊಸ ಪ್ಲಾಸ್ಟರಿಗೆ ಚೆನ್ನಾಗಿ ನೀರುಣಿಸಿ, 28 ದಿನ ಬಿಟ್ಟು ಆಮೇಲೆ ಬಣ್ಣ. ಹಸಿ ಗೋಡೆಗೆ ಬಣ್ಣ ಬಳಿದರೆ ಎಷ್ಟೇ ದುಬಾರಿ ಡಬ್ಬಿ ತಂದರೂ ಗುಳ್ಳೆ ಏಳುತ್ತದೆ. ಬಣ್ಣ ತಿಳಿಯಾದದ್ದೇ ಆಯ್ದುಕೊಳ್ಳಿ, ಪಶ್ಚಿಮದ ಗೋಡೆ ಕಡಿಮೆ ಕಾಯುತ್ತದೆ.

ಬೋರ್ಡುಗಳಿಗೆ ನೆಲಮಹಡಿಯ ಶಟರ್‌ಗಳ ಮೇಲೆ ಒಂದೇ ಎತ್ತರದ ಪಟ್ಟಿ ಮಾಡಿ. ಎಲ್ಲರ ಬೋರ್ಡೂ ಅದರೊಳಗೇ ಕೂರಲಿ, ವೈರು ಒಂದೇ ಪೈಪಿನಲ್ಲಿ ಹೋಗಲಿ, ಪ್ರತಿ ಅಂಗಡಿಗೆ ಬೇರೆ ಎಂಸಿಬಿ. ಮುಂಭಾಗದ ಅರ್ಧ ಅಂದ ಅಲ್ಲೇ ಬರುತ್ತದೆ, ನಂಬಿ. ಹೇಗೂ 2024ರಿಂದ ಬೋರ್ಡಿನ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತ ಕಾನೂನಾಗಿದೆ, ಎಲ್ಲರೂ ಹೊಸದು ಮಾಡಿಸುವಾಗಲೇ ಸರಿ ಮಾಡಿಸಿಬಿಡಿ. ಕನ್ನಡ ಅಕ್ಷರ ಬರೆಯಲು ಒಳ್ಳೆಯ ಕೈ ಹುಡುಕಿ. ಕಂಪ್ಯೂಟರಿನ ಯಾವುದೋ ಫಾಂಟಿನಲ್ಲಿ ಒತ್ತಕ್ಷರ ಕತ್ತರಿಸಿ ಹೋಗಿರುವ ಬೋರ್ಡುಗಳನ್ನು ನೋಡಿದರೆ ನನಗೆ ಬೇಜಾರಾಗುತ್ತದೆ.

ಲೈನ್‌ಮನ್_ನಿವೃತ್ತ:

ಕಟ್ಟಡದ ಮುಂದೆ ಕರೆಂಟ್ ಲೈನು ಇದೆಯಾ? 11 ಕೆವಿ (11 ಸಾವಿರ ವೋಲ್ಟ್) ಲೈನಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರ ಇರಬೇಕು. ನೀವು ಗೋಡೆಯಿಂದ ಮುಂದಕ್ಕೆ ಫ್ರೇಮ್ ತಂದರೆ ಅಷ್ಟು ಅಂತರ ಕಡಿಮೆಯಾಗುತ್ತದೆ. ಇದಕ್ಕಿಂತ ಮುಖ್ಯ, ಕಬ್ಬಿಣದ ಸಾರುವೆ ಪೈಪು, ಉದ್ದನೆ ಅಲ್ಯೂಮಿನಿಯಂ ಪಟ್ಟಿ ಎತ್ತುವಾಗ ತಿರುಗಿ ಲೈನಿಗೆ ತಾಗಿ ಜೀವ ಹೋದದ್ದನ್ನು ನನ್ನ ಸರ್ವಿಸಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಪಟ್ಟಿ 12 ಅಡಿ ಇರುತ್ತದೆ, ಹುಡುಗರು ಒಂದು ತುದಿ ಹಿಡಿದಿರುತ್ತಾರೆ, ಇನ್ನೊಂದು ತುದಿ ಎಲ್ಲಿದೆ ಅಂತ ನೋಡಿರಲ್ಲ. ಹೆಸ್ಕಾಂನಲ್ಲಿ ಅರ್ಜಿ ಕೊಟ್ಟು, ಲೈನಿನ ಹತ್ತಿರದ ಕೆಲಸ ಇರುವ ದಿನ ಲೈನ್ ಬಂದ್ ಮಾಡಿಸಿ. ಅರ್ಜಿ ಮೊದಲೇ ಕೊಡಿ, ಹಿಂದಿನ ದಿನ ಹೋದರೆ ಆಗಲ್ಲ.

ಹುಬ್ಬಳ್ಳಿ_ಕಾಂಪ್ಲೆಕ್ಸ್:

ಲೈನು ಇದೆ ಸರ್, ಬಲಗಡೆ, ಮೊದಲ ಮಹಡಿಯ ಎತ್ತರಕ್ಕೆ. ಇದು ನನ್ನ ತಲೆಯಲ್ಲೇ ಇರಲಿಲ್ಲ. ಹೇಳಿದ್ದಕ್ಕೆ ಕೈ ಮುಗಿಯುತ್ತೇನೆ.

ನಿನ್ನೆ ಬಾಡಿಗೆದಾರರನ್ನೆಲ್ಲ ಟ್ಯೂಷನ್ ಕ್ಲಾಸಿನಲ್ಲೇ ಕೂರಿಸಿ ಮಾತಾಡಿದೆ, ಅಪ್ಪನೂ ಮೆಟ್ಟಿಲು ಹತ್ತಿ ಬಂದಿದ್ದರು. ದೀಪಾವಳಿ ಮುಗಿದ ಮೇಲೆ ಕೆಲಸ ಶುರು. ಮಳೆ ಇರಲ್ಲ, ಸೀಸನ್ನೂ ಮುಗಿದಿರುತ್ತದೆ. ಸಾರುವೆ ಇರುವ ತಿಂಗಳು ಕೆಳಗಿನ ಅಂಗಡಿಗಳಿಗೆ ಅರ್ಧ ಬಾಡಿಗೆ. ದಾವಣಗೆರೆಯವರು ಬರೆದದ್ದು ಓದಿಯೇ ಇದನ್ನು ನಿರ್ಧರಿಸಿದ್ದು. ಕೆಲಸ ಆದ ಮೇಲೆ ಬಾಡಿಗೆ ಏರಿಸುತ್ತೀರಾ ಅಂತ ಟೈಲರ್ ಕೇಳಿದರು. ಇರುವವರಿಗೆ ಕರಾರು ಮುಗಿಯುವ ತನಕ ಏರಿಸಲ್ಲ ಅಂತ ಅಪ್ಪನೇ ಹೇಳಿದರು.

ರಿಪೇರಿ, ಪೈಪು, ಬಣ್ಣ, ಬೋರ್ಡಿನ ಪಟ್ಟಿ, ಕಿಟಕಿಗಳಿಗೆ ಲೂವರ್. ಎಸಿಪಿ ಬೋರ್ಡಿನ ಪಟ್ಟಿಗೆ ಮಾತ್ರ, ಅದೂ ಎ2. ಗಾಜು ಇಲ್ಲ. ಜಾಲಿ ತೊಳೆಸಿ, ಒಡೆದ ಮೂರು ತುಂಡು ಬದಲಿಸಿ, ಬಿಳಿ ಬಳಿಸುತ್ತೇವೆ. ಆ ಅಚ್ಚಿನ ಜಾಲಿ ಈಗ ಸಿಗುತ್ತಿಲ್ಲ, ಯಾರಾದರೂ ಅಚ್ಚು ಮಾಡಿ ಎರಕ ಹೊಯ್ಯುವವರು ಧಾರವಾಡ, ಗದಗ ಕಡೆ ಗೊತ್ತಿದ್ದರೆ ತಿಳಿಸಿ. ಒಂದು ಅಡಿ ಚೌಕ, ಎರಡು ಇಂಚು ದಪ್ಪ, ನಡುವೆ ಎಲೆಯಾಕಾರದ ನಾಲ್ಕು ತೂತು.

ಗೌಂಡಿ_ಮಗ:

ಗದಗದಲ್ಲಿ ಅಪ್ಪನ ಪರಿಚಯದ ಒಬ್ಬರು ಸಿಮೆಂಟ್ ಕಿಟಕಿ, ಜಾಲಿ ಎರಕ ಹೊಯ್ಯುತ್ತಿದ್ದರು. ಈಗಲೂ ಮಾಡುತ್ತಾರೇನು ಅಂತ ನಾಳೆ ಕೇಳಿ ಹೇಳುತ್ತೇನೆ. ಒಡೆಯದ ಒಂದು ಜಾಲಿ ಹುಷಾರಾಗಿ ಬಿಚ್ಚಿಸಿ ಇಟ್ಟುಕೊಳ್ರಿ ಸರ್ರ, ಅಚ್ಚು ತೆಗೆಯೋಕೆ ಬೇಕಾಗುತ್ತದೆ.